ನಮ್ಮ ಸೂರಿನ ಎರಡು ಅನಧಿಕೃತ ರಂಧ್ರಗಳು

ದೂರದ ಮಳೆಕಾಡುಗಳ ಗಟ್ಟಿ ಮರವನ್ನು ಹಲಗೆಯಾಗಿ ಸೀಳಿ, ನಯಗೊಳಿಸಿ, ನಮ್ಮಂಥವರ ತಲೆಯ ಮೇಲೆ ಕೂರಿಸುವ ಮಹತ್ಕಾರ್ಯದಲ್ಲಿ ತೊಡಗಿರುವ ಕಂಪನಿಯ ಗ್ಯಾರಂಟಿ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ಇತ್ತ ನಾವೆಲ್ಲ ಕ್ಷೇಮ. ನಮ್ಮ ವರಾಂಡದ ಚಾವಣಿಯೂ ಕ್ಷೇಮ, ಅದರಲ್ಲಿರುವ ಎರಡು ತೂತುಗಳು ಅದಕ್ಕಿಂತ ಕ್ಷೇಮ. ತಮ್ಮ ಕುಶಲವನ್ನೂ ತಮ್ಮ ಕಚೇರಿಯ ಚಾವಣಿಯ ಕುಶಲವನ್ನೂ ಹಾರೈಸುತ್ತಾ, ಕಳೆದ ವಾರ ತಾವು ದಯಪಾಲಿಸಿದ ಪತ್ರಕ್ಕೆ ಮೊದಲು ವಂದನೆ ಸಲ್ಲಿಸುತ್ತೇನೆ. 'ಗ್ರಾಹಕರ ವರಾಂಡದ ಚಾವಣಿಯಲ್ಲಿ ಎರಡು ಅನಧಿಕೃತ ರಂಧ್ರಗಳು ಕಂಡುಬಂದಿರುವುದರಿಂದ ಇಪ್ಪತ್ತೈದು ವರ್ಷಗಳ ಗ್ಯಾರಂಟಿಯನ್ನು ಈ ಮೂಲಕ ರದ್ದುಪಡಿಸಲಾಗಿದೆ' ಎಂಬ ತಮ್ಮ ವಾಕ್ಯವನ್ನು ನಾವು ಮನೆಮಂದಿಯೆಲ್ಲ ಅದೇ ರಂಧ್ರಗಳ ಕೆಳಗೆ ಕೂತು ಓದಿದೆವು. ನಾನು ಕಸುಬಿನಿಂದ ದರ್ಜಿ, ದಿನವಿಡೀ ಬಟ್ಟೆಗೆ ತೂತು ಮಾಡಿ ಹೊಟ್ಟೆ ಹೊರೆಯುವವಳು. ನಮ್ಮಲ್ಲಿ ತೂತಿಗೆ ಕಾಜಾ ಎಂಬ ಮರ್ಯಾದೆಯ ಹೆಸರಿದೆ, ಅದರ ಅಂಚಿಗೆ ಒತ್ತಾದ ಹೊಲಿಗೆಯಿದೆ, ಎದುರಿಗೆ ಕಾಯುತ್ತಾ ಕೂತ ಒಂದು ಗುಂಡಿಯಿದೆ. ಅಧಿಕಾರವಿಲ್ಲದ ತೂತು ಎಂಬುದೊಂದು ಲೋಕದಲ್ಲಿದೆಯೆಂದು ಇಷ್ಟು ವರ್ಷ ಕತ್ತರಿ ಹಿಡಿದರೂ ನನಗೆ ಹೊಳೆದಿರಲಿಲ್ಲ. ಈ ವಿದ್ಯೆ ಕಲಿಸಿದ್ದಕ್ಕೆ ತಮಗೆ ಋಣಿ.

ಇದನ್ನು ಬಹಿರಂಗವಾಗಿಯೇ ಬರೆಯುತ್ತಿರುವುದಕ್ಕೆ ತಾವು ಬೇಸರಿಸಬಾರದು. ತಮ್ಮ ಕಂಪನಿಗೆ ಫೋನು ಮಾಡಿದಾಗ ಒಂದು ಸಲ ಬಿಟ್ಟರೆ ಉಳಿದಾಗಲೆಲ್ಲ ನನಗೆ ಸಿಕ್ಕಿದ್ದು ಸಂಗೀತ ಮಾತ್ರ. ಸಂಗೀತ ಚೆನ್ನಾಗಿಯೇ ಇತ್ತು, ಅದನ್ನು ಕೇಳುತ್ತಾ ಎಷ್ಟೋ ಲಂಗಗಳ ಅಂಚು ಮಡಿಸಿ ಮುಗಿಸಿದ್ದೇನೆ. ಆದರೆ ಅದು ದೂರು ಬರೆದುಕೊಳ್ಳುವುದಿಲ್ಲ.

ತಮ್ಮ ಹಲಗೆಗಳು ನಮ್ಮ ಮನೆಗೆ ಬಂದ ಕಾರಣವನ್ನು ಮೊದಲು ಅರಿಕೆ ಮಾಡಿಕೊಳ್ಳಬೇಕು. ಎಲ್ಲರೂ ಸೂರಿಗೆ ಹಲಗೆ ಹೊಡೆಸುವುದು ಬಿಸಿಲು ಮಳೆಯಿಂದ ರಕ್ಷಣೆಗೆ, ನಮ್ಮ ಯಜಮಾನರು ಹೊಡೆಸಿದ್ದು ಷಡ್ಡಕರಿಂದ ರಕ್ಷಣೆಗೆ. ನನ್ನ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಅವರ ಮನೆಯ ಸೂರಿನ ಅಡಿಗೂ ವರಾಂಡದ ಚಾವಣಿಗೂ ತಾವು ಮಾರುವ ಹಲಗೆಯನ್ನೇ ಹೊಡೆಸಿ ನಮ್ಮನ್ನು ಊಟಕ್ಕೆ ಕರೆದರು. ಯಜಮಾನರು ಊಟದುದ್ದಕ್ಕೂ ಕಿಟಕಿಯಾಚೆಯ ಚಾವಣಿಯನ್ನೇ ನೋಡುತ್ತಾ ಏನು ತಿಂದರೆಂದು ಅವರಿಗೇ ಗೊತ್ತಿಲ್ಲ. ಮನೆಗೆ ಬಂದು ನಮ್ಮ ವರಾಂಡದಲ್ಲಿ ನಿಂತು ತಲೆಯೆತ್ತಿದರೆ ಅಲ್ಲಿ ಅವರ ಹೊಟ್ಟೆಕಿಚ್ಚಿಗೆ ಬೇಕಾದ್ದೆಲ್ಲ ಇತ್ತು: ಬಿಳಿ ಬಣ್ಣ ಬಳಿದ ಹಳೇ ಹಲಗೆ, ಮೂಲೆಯಲ್ಲಿ ಎದ್ದ ಸಿಪ್ಪೆ, ಮತ್ತು ನಡುಮಧ್ಯದ ತೊಲೆಗೆ ತಿರುಪಿದ ಒಂದು ಕಬ್ಬಿಣದ ಕೊಕ್ಕೆ. ಮರುದಿನವೇ ತಮ್ಮ ಪುಸ್ತಿಕೆ ಮನೆಗೆ ಬಂತು.

ಆ ಪುಸ್ತಿಕೆಯನ್ನು ಹೊಗಳದೆ ಮುಂದೆ ಹೋಗುವುದು ಕೃತಘ್ನತೆಯಾದೀತು. ಈ ಮರ ಬೆಳೆಯುವ ಕಾಡಿನಲ್ಲಿ ವರ್ಷವಿಡೀ ಮಳೆ, ಆದ್ದರಿಂದ ನಮ್ಮ ಊರಿನ ಮಳೆಯನ್ನು ಇದು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ ಎಂದಿತ್ತು. ಗೆದ್ದಲು ಇದನ್ನು ಕಚ್ಚಿ ಹಲ್ಲು ಮುರಿದುಕೊಳ್ಳುತ್ತದೆ ಎಂಬರ್ಥದ ಚಿತ್ರವೂ ಇತ್ತು. ಆಕಾಶಕ್ಕೆ ತಲೆ ಕೊಟ್ಟು ನಿಂತು, ಗಾಳಿ, ಸಿಡಿಲು, ಕೋತಿಗಳ ಕಾಟ ಎಲ್ಲವನ್ನೂ ಸಹಿಸಿದ ಮರವೊಂದು ಕೊನೆಗಾಲದಲ್ಲಿ ನಮ್ಮ ವರಾಂಡಕ್ಕೆ ಬಂದು, ಕಾಲೊರಸು ಮತ್ತು ಚಪ್ಪಲಿ ಗೂಡನ್ನು ನೋಡಿಕೊಂಡು ಮುಖ ಕೆಳಗಾಗಿ ಮಲಗಬೇಕಾದದ್ದರ ಬಗ್ಗೆ ಮರದ ಅಭಿಪ್ರಾಯವೇನೆಂದು ಪುಸ್ತಿಕೆಯಲ್ಲಿ ಹುಡುಕಿದೆ, ಸಿಗಲಿಲ್ಲ. ಪ್ರಾಯಶಃ ಜಾಗ ಸಾಲಲಿಲ್ಲವೇನೋ.

ಹಲಗೆಗಳು ಬಂದ ಮೇಲೆ ನಮ್ಮ ಯಜಮಾನರು ಭೂಮಿಯ ಮೇಲಿನ ವ್ಯವಹಾರಗಳನ್ನು ಬಹುಮಟ್ಟಿಗೆ ಬಿಟ್ಟರು. ಕೆಲಸದಿಂದ ಬಂದವರೇ ವರಾಂಡದಲ್ಲಿ ಚಾಪೆ ಹಾಸಿ ಅಂಗಾತ ಮಲಗಿ ಚಾವಣಿಯನ್ನು ನೋಡುವರು. ಪೇಪರಿನವನು, ಗ್ಯಾಸಿನವನು, ಅಳತೆ ಕೊಡಲು ಬಂದ ನನ್ನ ಗಿರಾಕಿಗಳು, ಎಲ್ಲರೂ ಒಂದು ಸಲ ತಲೆಯೆತ್ತಿ 'ಆಹಾ' ಅನ್ನದೆ ಹೊಸ್ತಿಲು ದಾಟುವಂತಿರಲಿಲ್ಲ, ಹಾಗೆ ತಲೆಯೆತ್ತಿದವರಲ್ಲಿ ಅನೇಕರು ಮೆಟ್ಟಿಲು ಎಡವಿದರು. ಸೊಳ್ಳೆಬತ್ತಿಯ ಹೊಗೆ ನಿಷೇಧವಾಯಿತು. ಗ್ಯಾರಂಟಿ ಕಾರ್ಡನ್ನು ನಮ್ಮ ಮದುವೆ ಫೋಟೋದ ಜೊತೆ ಬೀರುವಿನಲ್ಲಿಟ್ಟರು, ಫೋಟೋಗೆ ಇಲ್ಲದ ಪ್ಲಾಸ್ಟಿಕ್ ಹೊದಿಕೆಯನ್ನೂ ಅದಕ್ಕೆ ಹಾಕಿಸಿದರು.

ಮೊದಲ ಮಳೆಗೆ ಸೂರಿನ ಹಲಗೆಗಳಿಂದ ಕಂದು ನೀರು ಇಳಿದು ನಮ್ಮ ಬಿಳಿ ಗೋಡೆಯ ಮೇಲೆಲ್ಲ ಗೆರೆ ಎಳೆಯಿತು. ಅದನ್ನು ಒರೆಸುವ ಮೊದಲು ಪುಸ್ತಿಕೆ ತೆಗೆದು ನೋಡಿದೆವು. 'ಮರದ ಸಹಜ ಬಣ್ಣ ಬಿಡುವಿಕೆ, ಇದು ಅಪ್ಪಟತೆಯ ಗುರುತು' ಎಂದಿತ್ತು. ಅಪ್ಪಟತೆ ಗೋಡೆಯಿಂದ ಇವತ್ತಿಗೂ ಹೋಗಿಲ್ಲ. ಬಿಸಿಲು ಬೀಳುವ ಹೊರ ಅಂಚು ಆರು ತಿಂಗಳಲ್ಲಿ ಬೆಳ್ಳಗೆ ನರೆತು, ನೆರಳಿನಲ್ಲಿರುವ ಒಳಭಾಗ ಮಾತ್ರ ಎಣ್ಣೆಗಪ್ಪಾಗಿಯೇ ಉಳಿಯಿತು. ಮುಂದಲೆಗೆ ಬಣ್ಣ ಹಚ್ಚುವುದು ಮರೆತವರ ತಲೆಯಂತೆ ಕಂಡರೂ ನಾವು ದೂರಲಿಲ್ಲ. ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿದರೆ ಸರಿಹೋಗುತ್ತದೆಂದು ತಾವು ಸೂಚಿಸಿದ್ದಿರಿ. ಮೇಲ್ಮುಖವಾಗಿ ಎಣ್ಣೆ ಹಚ್ಚುವವರ ಮೊಣಕೈಯಿಂದ ಕಂಕುಳಿನವರೆಗೆ ಎಣ್ಣೆ ಇಳಿಯುತ್ತದೆಂಬುದನ್ನು ಪುಸ್ತಿಕೆಯ ಮುಂದಿನ ಆವೃತ್ತಿಯಲ್ಲಿ ಸೇರಿಸಿದರೆ ಉಪಕಾರ. ನಮ್ಮ ಯಜಮಾನರ ಮೂರು ಅಂಗಿಗಳ ಕಂಕುಳನ್ನು ನಾನು ಬದಲಿಸಿದ್ದೇನೆ.

ಇಷ್ಟರವರೆಗೆ ನಾನು ಹೇಳಿದ್ದೆಲ್ಲ ಹೊಗಳಿಕೆ. ಇನ್ನು ಕೊಕ್ಕೆಯ ವಿಷಯಕ್ಕೆ ಬರುತ್ತೇನೆ.

ನಮ್ಮ ಮಾವನವರು ಟ್ರಾಫಿಕ್ ಪೊಲೀಸ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಸಿಗ್ನಲ್ ದೀಪಗಳು ಬರುವ ಮೊದಲು ಈ ಊರಿನ ದೊಡ್ಡ ಚೌಕದಲ್ಲಿ ದೀಪವಾಗಿ ನಿಂತಿದ್ದದ್ದು ಅವರ ಬಲಗೈ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಆ ಕೈ ಬಿದ್ದುಹೋಯಿತು, ಮಾತೂ ನಿಧಾನವಾಯಿತು. ವ್ಯಾಯಾಮ ಮಾಡಿಸುವ ಡಾಕ್ಟರಮ್ಮ ಒಂದು ಉಪಾಯ ಹೇಳಿಕೊಟ್ಟರು. ಮೇಲೆ ಒಂದು ರಾಟೆ ಕಟ್ಟಿ, ಹಗ್ಗ ಇಳಿಬಿಟ್ಟು, ಒಂದು ತುದಿಯನ್ನು ಬಲ ಮಣಿಕಟ್ಟಿಗೆ ಸಿಕ್ಕಿಸಿ ಇನ್ನೊಂದು ತುದಿಯನ್ನು ಎಡಗೈಯಲ್ಲಿ ಎಳೆಯುವುದು. ಎಡಗೈ ಇಳಿದಂತೆ ಬಲಗೈ ಏಳುತ್ತದೆ. ಮಣಿಕಟ್ಟು ಕೆಂಪಾಗದಿರಲೆಂದು ಕುಣಿಕೆಯನ್ನು ಹತ್ತಿ ತುಂಬಿದ ಬಟ್ಟೆಯಲ್ಲಿ ನಾನೇ ಹೊಲಿದುಕೊಟ್ಟೆ. ಆ ರಾಟೆ ತೂಗುತ್ತಿದ್ದದ್ದು ವರಾಂಡದ ಆ ಕಬ್ಬಿಣದ ಕೊಕ್ಕೆಗೆ.

ಮಾವನವರು ಬೆಳಗಿನ ಕಾಫಿ ಮುಗಿಸಿ ರಸ್ತೆಗೆ ಮುಖಮಾಡಿ ಕುರ್ಚಿಯಲ್ಲಿ ಕೂತು ಹಗ್ಗ ಎಳೆಯುತ್ತಿದ್ದರು. ಬಲಗೈ ಮೇಲೆದ್ದು ಅಂಗೈ ರಸ್ತೆಯ ಕಡೆ ತೆರೆದುಕೊಂಡಾಗ ಸೈಕಲ್ಲು, ಸ್ಕೂಟರುಗಳು ತಾವಾಗಿ ನಿಲ್ಲುತ್ತಿದ್ದವು. ಮೊದಮೊದಲು ಅಭ್ಯಾಸಬಲದಿಂದ ನಿಂತರು, ಆಮೇಲೆ ಬೇಕೆಂದೇ ನಿಲ್ಲತೊಡಗಿದರು. ತರಕಾರಿ ಗಾಡಿಯವನಂತೂ ಕೈ ಇಳಿಯುವವರೆಗೆ ಕದಲುತ್ತಿರಲಿಲ್ಲ. ಕೈ ಭುಜದ ಮಟ್ಟದಿಂದ ಗಲ್ಲಕ್ಕೆ, ಗಲ್ಲದಿಂದ ಕಿವಿಗೆ ಬಂತು. ಅಂಗಿ ತೊಡಿಸುವಾಗ ನನಗೆ ಅದು ತೋಳಿನಲ್ಲೇ ತಿಳಿಯುತ್ತಿತ್ತು. ದರ್ಜಿಗೆ ಬೇರೆ ಡಾಕ್ಟರು ಬೇಕಿಲ್ಲ.

ತಮ್ಮ ಬಡಗಿಗಳು ಬಂದ ದಿನ ರಾಟೆಯನ್ನು ಬಿಚ್ಚಿ ಒಳಗಿಟ್ಟಿದ್ದೆವು, ಕೆಲಸ ಮುಗಿದ ಮೇಲೆ ಮತ್ತೆ ಕಟ್ಟುವ ಲೆಕ್ಕದಲ್ಲಿ. ಯಜಮಾನರು ಹೊರಗೆ ಲಾರಿಯ ಹತ್ತಿರ ಹಲಗೆಗಳ ಬೆನ್ನು ಸವರುತ್ತಾ ನಿಂತಿದ್ದರು, ನಾನು ಒಳಗೆ ಯಾರದೋ ಕೋಟಿನ ತೋಳು ಬಿಚ್ಚುತ್ತಾ ಕೂತಿದ್ದೆ. ವರಾಂಡದಲ್ಲಿದ್ದವರು ಮಾವ ಒಬ್ಬರೇ. ಹೆಗಲ ಮೇಲೆ ಉದ್ದದ ಹಲಗೆ ಹೊತ್ತು ಏಣಿಗೆ ಒಂದು ಕಾಲಿಟ್ಟ ಬಡಗಿ ಈ ಕೊಕ್ಕೆ ಇರಬೇಕೋ ತೆಗೆಯಬೇಕೋ ಎಂದು ಅವರನ್ನು ಕೇಳಿದನಂತೆ. ಕೊಕ್ಕೆ ಇರಬೇಕೆಂದೇ ಮಾವನವರ ಉತ್ತರ. ಆದರೆ ಅವರ ಮಾತು ಹೊರಡಲು ಹೊತ್ತು ಬೇಕು, ಹೊರೆ ಹೊತ್ತವನನ್ನು ನಿಲ್ಲಿಸಿಕೊಂಡು ಮಾತಾಡುವುದು ಅವರ ಇಡೀ ನೌಕರಿಯಲ್ಲಿ ಮಾಡದ ಕೆಲಸ. ಹೊರೆಯವನು ಮೊದಲು ದಾಟಲಿ, ವಿಚಾರಣೆ ಆಮೇಲೆ ಎಂಬುದು ಅವರ ಚೌಕದ ನಿಯಮ. ಅವನ ಹಿಂದೆ ಇನ್ನೊಬ್ಬ ಇನ್ನೊಂದು ಹಲಗೆ ಹೊತ್ತು ಕಾಯುತ್ತಿದ್ದ. ಮಾವ ಎಡಗೈ ಬೀಸಿ ಹೋಗಪ್ಪ ಹೋಗು ಎಂಬಂತೆ ದಾರಿ ಬಿಟ್ಟರು. ಬಡಗಿ ಅದನ್ನೇ ಉತ್ತರವೆಂದುಕೊಂಡು ಕೊಕ್ಕೆ ತಿರುಚಿ ತೆಗೆದು, ಸಭ್ಯನಾದ್ದರಿಂದ ಅವರ ಕೈಗೇ ಕೊಟ್ಟು, ಹಲಗೆ ಕೂರಿಸಿದ. ಮಾವನವರ ಬಾಯಿಗೆ ಮಾತು ಬರುವಷ್ಟರಲ್ಲಿ ಕೊಕ್ಕೆಯ ಜಾಗದ ಮೇಲೆ ಹಲಗೆಗಳ ಸಾಲೇ ಹಾದುಹೋಗಿತ್ತು. ಆಗಲೇ ಯಜಮಾನರು ಒಳಬಂದು, ತಲೆಯೆತ್ತಿ ನೋಡಿ, ಮಗುವಿನ ಹಾಗೆ ನಕ್ಕರಂತೆ. ಮಗನ ಆ ನಗು ನೋಡಿ ಮಾವ ಬಂದ ಮಾತನ್ನು ನುಂಗಿಕೊಂಡು ಕೊಕ್ಕೆಯನ್ನು ಜೇಬಿಗೆ ಹಾಕಿಕೊಂಡರು. ಅಂಗಿಯ ಜೇಬು ಯಾಕೆ ಜೋತುಬಿದ್ದಿದೆಯೆಂದು ನಾನು ಕೈಹಾಕಿ ನೋಡಿದಾಗಲೇ ಈ ಕಥೆಯೆಲ್ಲ ತುಣುಕು ತುಣುಕಾಗಿ ಹೊರಬಂದದ್ದು.

ಮಾನ್ಯರೇ, ತಮ್ಮ ಫೋನಿನಲ್ಲಿ ಸಂಗೀತದ ಬದಲು ಮನುಷ್ಯರು ಸಿಕ್ಕ ಆ ಒಂದು ಸಲವನ್ನು ಈಗ ನೆನೆಯುತ್ತೇನೆ. ಮಾತಾಡಿದ ಹುಡುಗಿ ಬಹಳ ಸೌಜನ್ಯದವಳು. ಚಾವಣಿಗೆ ಒಂದು ಕೊಕ್ಕೆ ಹಾಕಬೇಕಿತ್ತು ಎಂದೆ. ಯಾವ ವಸ್ತುವನ್ನು ತೂಗುಹಾಕುತ್ತೀರಿ ಎಂದು ಕೇಳಿದಳು. ಒಂದು ಕೈ ಎಂದೆ. ಕೈಯ ತೂಕ ಎಷ್ಟು ಕಿಲೋ ಎಂದು ಕೇಳಿದಳು. ಮಾವನವರಿಂದ ಅದನ್ನು ಬೇರ್ಪಡಿಸಿ ತೂಗಿಲ್ಲವೆಂದು ವಿನಯದಿಂದಲೇ ತಿಳಿಸಿದೆ. ಆಕೆ ಪುಸ್ತಕ ನೋಡಿ ಹೇಳಿದ್ದು ಇಷ್ಟು: ಅಲಂಕಾರದ ದೀಪವಾದರೆ ಕಂಪನಿಯ ಅಧಿಕೃತ ವ್ಯಕ್ತಿ ಬಂದು ರಂಧ್ರ ಮಾಡಿಕೊಡಲು ಅವಕಾಶವಿದೆ, ಕೈಗೆ ಅವಕಾಶವಿಲ್ಲ. ಬೇರೆ ಯಾರೇ ತೂತು ಮಾಡಿದರೂ ಗ್ಯಾರಂಟಿ ಹೋಗುತ್ತದೆ. ಅಷ್ಟು ಹೇಳಿ, ತಮ್ಮ ಕಂಪನಿಯ ಸೇವೆ ತೃಪ್ತಿ ತಂದಿದೆಯೇ ಎಂದೂ ಕೇಳಿದಳು.

ಗ್ಯಾರಂಟಿ ಹೋಗುತ್ತದಂತೆ ಎಂದು ನಾನು ಹೇಳಿದ ಕೂಡಲೇ ನಮ್ಮ ಯಜಮಾನರು ಬೀರುವಿನ ಕಡೆ ನೋಡಿದರು. ಅವರನ್ನು ಕಟುಕರೆಂದು ತಾವು ತಿಳಿಯಬಾರದು. ಅಪ್ಪನ ಕೈಗೆ ಬೇರೆ ದಾರಿ ಮಾಡೋಣ ಎಂದು ಅಡುಗೆಮನೆಯ ಬಾಗಿಲಿನ ಚೌಕಟ್ಟಿಗೆ ರಾಟೆ ಕಟ್ಟಿದರು. ಅಲ್ಲಿ ಮಾವ ಗೋಡೆಗೆ ಮುಖಮಾಡಿ ಕೂರಬೇಕು. ನಾನು ಒಳಗಿನಿಂದ ಬಾಗಿಲು ತಳ್ಳಿದಾಗಲೆಲ್ಲ ಅವರ ಕೈ ಎತ್ತ ಬೇಕೋ ಅತ್ತ ಹಾರುವುದು. ನಾಲ್ಕು ದಿನ ಎಳೆದು, ಆಮೇಲೆ ಹಗ್ಗವನ್ನು ಗೂಟಕ್ಕೆ ಸುತ್ತಿಟ್ಟರು. ರಸ್ತೆ ಕಾಣದ ಕಡೆ ಕೈಯೆತ್ತಿ ಏನು ಪ್ರಯೋಜನ ಎಂಬುದು ಅವರ ವಾದ. ಅವರ ಸರ್ವೀಸಿನಲ್ಲಿ ಗೋಡೆಗಳು ಯಾವತ್ತೂ ಅಡ್ಡಾದಿಡ್ಡಿ ಓಡಾಡಿದ್ದಿಲ್ಲ.

ಹೀಗೆ ತಮ್ಮ ಚಾವಣಿ ದಿನೇ ದಿನೇ ಮಿರುಗಿತು, ಮಾವನವರ ಕೈ ದಿನೇ ದಿನೇ ಇಳಿಯಿತು. ಕಿವಿಯಿಂದ ಗಲ್ಲಕ್ಕೆ, ಗಲ್ಲದಿಂದ ಎದೆಗೆ. ಭುಜ ಬಿಗಿದುಕೊಂಡಿದೆ, ಇನ್ನು ತಡ ಮಾಡಿದರೆ ಹೀಗೇ ನಿಂತುಬಿಡುತ್ತದೆ ಎಂದು ಡಾಕ್ಟರಮ್ಮ ಗದರಿದರು. ನಾನು ಅವರ ಅಂಗಿಗಳ ಬಲತೋಳನ್ನು ಬಿಚ್ಚಿ ಒತ್ತುಗುಂಡಿ ಹಾಕಿದೆ, ಕೈಯೆತ್ತದೆ ತೊಡಿಸಲು ಆಗಲೆಂದು. ಅಷ್ಟು ಬೇಸರದಿಂದ ನಾನು ಯಾವ ಬಟ್ಟೆಯನ್ನೂ ಹೊಲಿದಿಲ್ಲ. ಯಜಮಾನರ ಮೇಲೆ ಬಂದ ಕೋಪವನ್ನು ಅವರ ಪೈಜಾಮದ ಲಾಡಿಯ ಮೇಲೆ ತೀರಿಸಿಕೊಂಡೆನೆಂಬುದನ್ನು ತಮ್ಮಲ್ಲಿ ಮುಚ್ಚಿಡುವುದಿಲ್ಲ.

ಆಮೇಲೆ ಒಂದು ಭಾನುವಾರ ಅಕ್ಕ ಭಾವ ನಮ್ಮ ಚಾವಣಿ ನೋಡಲು ಬಂದರು. ಯಜಮಾನರು ಆ ದಿನಕ್ಕಾಗಿಯೇ ಬದುಕಿದ್ದರು. ಭಾವ ಬಿಳಿ ಅಂಗಿ ತೊಟ್ಟು ಬಂದು, ಸೂರಿನ ಕೆಳಗೆ ನಿಂತು, ತಲೆಯೆತ್ತಿ, ನಮ್ಮದಕ್ಕಿಂತ ನಿಮ್ಮ ಹಲಗೆಯ ಬಣ್ಣವೇ ಚೆಂದ ಎನ್ನುವ ಹೊತ್ತಿಗೆ ಸರಿಯಾಗಿ ರಾತ್ರಿಯ ಮಳೆ ಉಳಿಸಿಹೋಗಿದ್ದ ಒಂದು ಕಂದು ಹನಿ ಅವರ ಹೆಗಲ ಮೇಲೆ ಬಿತ್ತು. ಅಪ್ಪಟತೆಯ ಗುರುತು ಎಂದು ನಾನು ಸಮಾಧಾನ ಮಾಡಿದೆ. ಎಲ್ಲ ಚೆನ್ನಾಗಿಯೇ ನಡೆದು ಅವರು ಹೊರಡುವ ಹೊತ್ತಾಯಿತು.

ನಮ್ಮ ಗೇಟಿನಿಂದ ಕಾರನ್ನು ಹಿಂದಕ್ಕೆ ತೆಗೆಯುವಾಗ ರಸ್ತೆ ಕಾಣುವುದಿಲ್ಲ. ಮನೆಗೆ ಬಂದ ನೆಂಟರ ಗಾಡಿ ಹೊರಬೀಳುವಾಗ ಮಾವ ಗೇಟಿಗೆ ಹೋಗಿ ಬಲಗೈ ಎತ್ತಿ ರಸ್ತೆ ನಿಲ್ಲಿಸುವುದು ನಮ್ಮ ಮನೆಯ ಮರ್ಯಾದೆ. ಲಕ್ವ ಹೊಡೆದ ಮೇಲೂ ಕೈ ಕಿವಿಯ ಮಟ್ಟಕ್ಕೆ ಬಂದ ದಿನಗಳಲ್ಲಿ ಅದನ್ನು ಮತ್ತೆ ಶುರುಮಾಡಿದ್ದರು. ಎಡಗೈಯಲ್ಲಿ ನಿಲ್ಲಿಸಿದರೂ ನಡೆಯುತ್ತದೆ ಎಂದು ಅವರಿಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಆ ದಿನವೂ ಹೋಗಿ ನಿಂತರು. ಭಾವ ಕಾರನ್ನು ಹಿಂದಕ್ಕೆ ಬಿಟ್ಟರು. ಮಾವನವರ ಕೈ ಸೊಂಟದಿಂದ ಒಂದು ಗೇಣು ಎದ್ದು ಅಲ್ಲೇ ನಿಂತಿತು. ವೇಗವಾಗಿ ಬಂದ ಸ್ಕೂಟರಿನವನು ನಿಲ್ಲಲಿಲ್ಲ, ಕಾರಿನ ಹಿಂಬದಿಗೆ ಸವರಿಕೊಂಡು, ಓಲಾಡಿ, ಹೇಗೋ ಸಾವರಿಸಿಕೊಂಡು ಬೈಯುತ್ತಾ ಹೋದ. ಯಾರಿಗೂ ಪೆಟ್ಟಾಗಲಿಲ್ಲ. ಮಾವ ತಮ್ಮ ಕೈಯನ್ನೇ ನೋಡಿಕೊಂಡು ನಿಂತಿದ್ದರು. ಆಮೇಲೆ ಪಕ್ಕದಲ್ಲಿ ಬಂದು ನಿಂತ ಮಗನಿಗೆ ಒಂದೊಂದೇ ಪದ ಹುಡುಕಿ ಹೇಳಿದರು:

"ಅವನದೇನೂ ತಪ್ಪಿಲ್ಲ. ನನ್ನ ಕೈ ಅವನಿಗೆ ಕಾಣಿಸ್ಲಿಲ್ಲ."

ಯಜಮಾನರು ಅಪ್ಪನನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿ, ಒಳಗೆ ಹೋಗಿ ಡ್ರಿಲ್ಲಿಂಗ್ ಮಷೀನು ಮತ್ತು ಸ್ಟೂಲು ತಂದರು. ಕಾರು ನಿಲ್ಲಿಸಿ ಇಳಿದುಬಂದ ಷಡ್ಡಕರ ಕಡೆ ತಿರುಗಿ, "ಸ್ಟೂಲ್ ಸ್ವಲ್ಪ ಹಿಡ್ಕೊಳ್ತೀರಾ?" ಎಂದರು. ಕಂದು ಕಲೆಯ ಬಿಳಿ ಅಂಗಿಯಲ್ಲೇ ಭಾವ ಮಂಡಿಯೂರಿ ಸ್ಟೂಲು ಹಿಡಿದರು. ಈ ಇಬ್ಬರೂ ಒಂದೇ ಕೆಲಸಕ್ಕೆ ಕೈಹಾಕಿದ್ದನ್ನು ನಾನೂ ಅಕ್ಕನೂ ಮದುವೆಯಾದಾಗಿನಿಂದ ನೋಡಿರಲಿಲ್ಲ.

ತಮ್ಮ ಮರದ ಗಟ್ಟಿತನಕ್ಕೆ ಈ ಹಂತದಲ್ಲಿ ನಾನು ಮನಸಾರೆ ನಮಸ್ಕರಿಸಬೇಕು. ಮೊದಲ ಡ್ರಿಲ್ ಮೊನೆ ಕಿರುಚಿ, ಹೊಗೆಯಾಡಿ, ಮೊಂಡಾಯಿತು. ಎರಡನೆಯದು ಮುರಿಯಿತು. ಪುಸ್ತಿಕೆಯ ಗೆದ್ದಲಿನ ಚಿತ್ರ ನೆನಪಾಗಿ ಅದರ ಮೇಲೆ ನನಗೆ ಮರುಕ ಬಂತು. ಮೂರನೆಯದು ಹೊಕ್ಕಿತು, ಆದರೆ ಹಲಗೆ ದಾಟಿದ ಮೇಲೆ ಅಲ್ಲಿ ತೊಲೆ ಇರಲಿಲ್ಲ, ಬರೀ ಪೊಳ್ಳು. ಅದೇ ತಮ್ಮ ಪತ್ರದಲ್ಲಿರುವ ಮೊದಲನೇ ಅನಧಿಕೃತ ರಂಧ್ರ. ಆಗ ಮಾವ ಕುರ್ಚಿಯಿಂದಲೇ ಎಡಗೈಯಲ್ಲಿ ಮಗನನ್ನು ನಡೆಸತೊಡಗಿದರು: ಬಲಕ್ಕೆ ಬಾ, ಇನ್ನೂ ಬಾ, ನಿಲ್ಲು. ದಿನಾ ತಲೆಯ ಮೇಲೆ ನೋಡುತ್ತಿದ್ದ ಕೊಕ್ಕೆಯಲ್ಲವೇ. ಎರಡನೇ ರಂಧ್ರ ನೇರವಾಗಿ ತೊಲೆಗೇ ಇಳಿಯಿತು. ಮಾವ ಅಂದಿನಿಂದ ಜೇಬಿನಲ್ಲೇ ಇಟ್ಟುಕೊಂಡಿದ್ದ ಕೊಕ್ಕೆ ಹೊರಬಂತು. ಗ್ಯಾರಂಟಿಯ ಮಾತನ್ನು ಯಾರೂ ಎತ್ತಲಿಲ್ಲ, ಅಷ್ಟರಲ್ಲಿ ನಾನು ಕುಣಿಕೆ ಹುಡುಕಿ ತಂದಿದ್ದೆ.

ಇಂಥ ಮನೆಗೆ ವಾರ್ಷಿಕ ತಪಾಸಣೆಗೆಂದು ಬಂದ ತಮ್ಮ ಪರೀಕ್ಷಕರು ಟಾರ್ಚು ಹಿಡಿದು ರಂಧ್ರಗಳನ್ನು ಪತ್ತೆಹಚ್ಚಿದರು. ಅವರ ದೃಷ್ಟಿ ಸೂಕ್ಷ್ಮ. ರಂಧ್ರದ ಕೆಳಗಿದ್ದ ರಾಟೆ, ಹಗ್ಗ, ಕುರ್ಚಿ, ಕುರ್ಚಿಯ ಒಡೆಯರು, ಯಾವುದೂ ಅವರ ವರದಿಯ ಗಾಂಭೀರ್ಯಕ್ಕೆ ಭಂಗ ತಂದಿಲ್ಲ.

ಈಗ ನನ್ನ ಬಿನ್ನಹ. ಅಲಂಕಾರದ ದೀಪಕ್ಕೆ ಮಾತ್ರ ರಂಧ್ರದ ಅವಕಾಶವಿರುವುದಾದರೆ, ನಮ್ಮ ಮಾವನವರನ್ನು ತಮ್ಮ ದಾಖಲೆಗಳಲ್ಲಿ ಅಲಂಕಾರದ ದೀಪವೆಂದು ನಮೂದಿಸಿಕೊಳ್ಳಬೇಕೆಂದು ಕೋರುತ್ತೇನೆ. ಇದು ಸುಳ್ಳೂ ಅಲ್ಲ, ದೊಡ್ಡ ಚೌಕದಲ್ಲಿ ಕರೆಂಟಿಲ್ಲದೆ ಅಷ್ಟು ವರ್ಷ ಉರಿದವರು ಅವರು. ಅದು ಸಾಧ್ಯವಾಗದಿದ್ದರೆ ಚಾವಣಿಯ ಗ್ಯಾರಂಟಿ ತಾವೇ ಇಟ್ಟುಕೊಂಡು ಆ ಎರಡು ರಂಧ್ರಗಳಿಗೆ ಮಾತ್ರ ಗ್ಯಾರಂಟಿ ಕೊಡಿ, ಮೊದಲನೆಯದು ಪೊಳ್ಳಾದರೂ ಉದ್ದೇಶ ಒಳ್ಳೆಯದಿತ್ತು. ಅದೂ ಆಗದಿದ್ದರೆ ಮುಂದಿನ ಪುಸ್ತಿಕೆಯಲ್ಲಿ, ಕಾಡಿನ ಮಳೆ ಮತ್ತು ಗೆದ್ದಲಿನ ಹಲ್ಲುಗಳ ನಡುವೆ, ಈ ಚಾವಣಿಗಳ ಕೆಳಗೆ ಮನುಷ್ಯರು ಕೂರುವ ಸಂಭವವಿದೆ ಎಂದೊಂದು ಸಾಲು ಸೇರಿಸಿದರೂ ಸಾಕು. ಹಲಗೆ ಹೊಡೆಯುವ ಮೊದಲು, ಹೊರೆ ಕೆಳಗಿಟ್ಟು, ಮೇಲೇನು ತೂಗುತ್ತಿದೆ, ಅದನ್ನು ಹಿಡಿದವರು ಯಾರು ಎಂದು ಕೇಳಿ, ಉತ್ತರ ಬರುವವರೆಗೆ ಕಾಯಲು ತಮ್ಮವರಿಗೆ ಹೇಳಿಕೊಡಿ. ಉತ್ತರ ನಿಧಾನವಾಗಿ ಬರಬಹುದು.

ನಮ್ಮ ಯಜಮಾನರಿಗೆ ತಮ್ಮ ಮೇಲೆ ಈಗಲೂ ಗೌರವವಿದೆ. ಈಗಲೂ ಚಾಪೆ ಹಾಸಿ ಅಂಗಾತ ಮಲಗುತ್ತಾರೆ, ಆದರೆ ನೋಡುವುದು ಆ ಪೊಳ್ಳು ತೂತನ್ನು. ಅದನ್ನು ಮುಚ್ಚಿಸೋಣವೇ ಎಂದು ಕೇಳಿದೆ, ಇರಲಿ ಬಿಡು ಎಂದರು. ರದ್ದಾದ ಗ್ಯಾರಂಟಿ ಕಾರ್ಡಿನ ಪ್ಲಾಸ್ಟಿಕ್ ಹೊದಿಕೆಯನ್ನು ಬಿಚ್ಚಿ ನಮ್ಮ ಮದುವೆ ಫೋಟೋಗೆ ಹಾಕಿದ್ದೇನೆ, ಅಳತೆಗೆ ಸರಿಯಾಗಿದೆ.

ತಮ್ಮ ಚಾವಣಿಗಳು ಚಿರಕಾಲ ಬಾಳಲಿ ಎಂದು ಹಾರೈಸುತ್ತಾ,

ತಮ್ಮ ವಿಶ್ವಾಸಿ,
ಅನಧಿಕೃತ ರಂಧ್ರಗಳ ಮನೆಯ ಸೊಸೆ ಹಾಗೂ ದರ್ಜಿ

ತಾಜಾಕಲಂ: ತಮ್ಮ ಪರೀಕ್ಷಕರ ವರದಿಯ ಕೊನೆಯಲ್ಲಿ, 'ಗೇಟಿನ ಬಳಿ ಮನೆಯ ಹಿರಿಯರೊಬ್ಬರು ಕೈ ಅಡ್ಡ ಹಿಡಿದು ವಾಹನವನ್ನು ಕೆಲಹೊತ್ತು ತಡೆದರು' ಎಂಬ ದೂರಿದೆ. ದೂರು ನಿಜ. ಅವರು ಬಂದಾಗ ಮನೆಯಿಂದ ನನ್ನ ಗಿರಾಕಿಯೊಬ್ಬರ ಕಾರು ಹಿಂದಕ್ಕೆ ಹೊರಡುತ್ತಿತ್ತು, ಮಾವ ಬಲಗೈ ಎತ್ತಿ ತಮ್ಮ ಪರೀಕ್ಷಕರ ಸ್ಕೂಟರನ್ನು ನಿಲ್ಲಿಸಿದರು, ಅವರೂ ಕಾರು ದಾಟುವವರೆಗೆ ಅಲುಗಾಡದೆ ನಿಂತರು. ಕಾಯಿಸಿದ್ದಕ್ಕೆ ಕ್ಷಮೆ ಇರಲಿ. ಆದರೆ ವರದಿಯಲ್ಲಿ ಒಂದು ಅಂಶ ಬಿಟ್ಟುಹೋಗಿದೆ, ದಯವಿಟ್ಟು ಸೇರಿಸಿಕೊಳ್ಳಿ. ಕುಣಿಕೆ ಸವೆದಿತ್ತೆಂದು ಅದನ್ನು ಬಿಚ್ಚಿ ತಂದು ಆ ಹೊತ್ತಿಗೆ ನಾನು ಒಳಗೆ ಹೊಲಿಯುತ್ತಾ ಕೂತಿದ್ದೆ. ಗೇಟಿನ ಮೇಲೆ ಚಾವಣಿಯೂ ಇಲ್ಲ, ರಾಟೆಯೂ ಇಲ್ಲ.